ಓರಗಿತ್ತಿಯರ ತೊಟ್ಟಿಲು

ಎತ್ತರದ ಕಟ್ಟಡಗಳ ಗಾಜು ಒರೆಸುವವಳಾದ್ದರಿಂದ ಅವಳಿಗೆ ಗಾಜಕ್ಕ ಎಂದೇ ಹೆಸರು ಬಿದ್ದಿತ್ತು. ಮೊದಮೊದಲು ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು, ಗೋಡೆಗೆ ಕಾಲು ಕೊಟ್ಟು ಒರೆಸುತ್ತಿದ್ದಳು. ಆಮೇಲೆ ಕತ್ತರಿಯಂತೆ ಮಡಚಿ ಬಿಚ್ಚಿಕೊಳ್ಳುವ ಸಿಸರ್ ಲಿಫ್ಟ್ ಬಂತು; ಅದು ಮೂರನೇ ಮಹಡಿಗೇ ಸುಸ್ತಾಗುತ್ತಿತ್ತು. ಕೊನೆಗೆ ಬಂದದ್ದು ತೊಟ್ಟಿಲು: ಛಾವಣಿಯಿಂದ ಉಕ್ಕಿನ ಹಗ್ಗಗಳಲ್ಲಿ ಇಳಿಬಿಟ್ಟ ಉದ್ದನೆಯ ಕಬ್ಬಿಣದ ಬುಟ್ಟಿ. ಎರಡೂ ತುದಿಗೆ ಒಂದೊಂದು ಮೋಟಾರು, ಒಂದೊಂದು ಗುಂಡಿ. ಇಬ್ಬರು ಒಟ್ಟಿಗೆ ಒತ್ತಿದರೆ ಮಾತ್ರ ಅದು ಮಟ್ಟವಾಗಿ ಏರುತ್ತದೆ.

ಇನ್ನೊಂದು ತುದಿಗೆ ಮೇಸ್ತ್ರಿ ನಿಲ್ಲಿಸಿದ್ದು ಗಾಜಕ್ಕನ ಓರಗಿತ್ತಿಯನ್ನು, ಅಂದರೆ ಮೈದುನನ ಹೆಂಡತಿಯನ್ನು. ಒಂದೇ ಮನೆ, ಒಂದೇ ಅಡುಗೆ. ಆದರೆ ಕುಕ್ಕರಿನ ರಬ್ಬರು ಕಳೆದುಹೋದಂದಿನಿಂದ ಇಬ್ಬರಿಗೂ ಮಾತಿಲ್ಲ. ಏನಿದ್ದರೂ ಅತ್ತೆಯ ಬಾಯಿಂದ ಹೇಳಿಸುತ್ತಿದ್ದರು.

"ಮೇಲೆ ನಿಮ್ಮತ್ತೆಗೆ ಜಾಗ ಇಲ್ಲ, ನೋಡ್ಕೊಳ್ಳಿ," ಎಂದು ಮೇಸ್ತ್ರಿ ನಕ್ಕ.

ಗಾಜಕ್ಕ ಮುಖ ಗಂಟಿಕ್ಕಿದಳು. ಆದರೂ ಅಂದು ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಊರಿಗೇ ಎತ್ತರದ ಹೊಸ ಕಟ್ಟಡ. ಒಳಗೆ ಜನ ಬಂದು ಸೇರಿದ್ದರೂ ಹೊರಗಿನಿಂದ ಇನ್ನೂ ಯಾರ ಕೈಯೂ ಸೋಕದ ಗಾಜು. ಸೊಂಟಪಟ್ಟಿ ಬಿಗಿದು, ಕೊಕ್ಕೆಯನ್ನು ಸುರಕ್ಷೆಯ ಹಗ್ಗಕ್ಕೆ ಸಿಕ್ಕಿಸಿ, ಜಗ್ಗಿ ನೋಡಿ ಗುಂಡಿ ಒತ್ತಿದಳು.

ಮೊದಲ ಮಹಡಿ ದಾಟುವಷ್ಟರಲ್ಲಿ ಅವಳ ಕಡೆ ಮೇಲಾಯಿತು, ಓರಗಿತ್ತಿಯ ಕಡೆ ಕೆಳಗಾಯಿತು. ಸೋಪುನೀರಿನ ಬಕೆಟ್ಟು ಸರ್ರನೆ ಜಾರಿ ಓರಗಿತ್ತಿಯ ಕಾಲಿಗೆ ಬಡಿಯಿತು.

"ಸ್ವಲ್ಪ ನಿಲ್ಸಕ್ಕ."

"ನಿಲ್ಸಿದೀನಿ. ನೀನು ಬಾ."

ಅಲ್ಲಿಂದಾಚೆ ಮಾತು ನಿಲ್ಲಲಿಲ್ಲ. ಒತ್ತು, ಬಿಡು, ಈಗ ಇಬ್ಬರೂ, ಎನ್ನುತ್ತ ಏರಿದರು. ಹಾರುವ ಪಾರಿವಾಳಗಳ ಬೆನ್ನು ಕಾಣುವಷ್ಟು ಎತ್ತರಕ್ಕೆ ಬಂದಾಗ ಓರಗಿತ್ತಿ ಕೈ ಚಾಚಿದಳು.

"ಅಕ್ಕ, ನಮ್ಮನೆ ತಾರಸಿ. ಅತ್ತೆ ಕೂತಿದಾರೆ ನೋಡು."

"ಅದು ಅತ್ತೆ ಅಲ್ಲ ಕಣೆ, ಒಣಗಾಕಿರೋ ಹಾಸಿಗೆ."

ಇಬ್ಬರೂ ಬಿದ್ದೂಬಿದ್ದೂ ನಕ್ಕರು. ತೊಟ್ಟಿಲೂ ಅಲ್ಲಾಡಿತು.

ಅರ್ಧ ಗಾಜು ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಮೋಟಾರುಗಳು ತೆಪ್ಪಗಾದವು. ಮೇಸ್ತ್ರಿ ಫೋನಿನಲ್ಲಿ ಹೇಳಿದ: "ಏನೂ ಆಗಲ್ಲ. ಮೋಟಾರಿನ ಕೈಬ್ರೇಕಿನ ಹಿಡಿ ಇಬ್ಬರೂ ಒಂದೇ ಸಮ ಎತ್ತಿ ಬ್ರೇಕ್ ಸಡಿಲಿಸಿ, ಮೆಲ್ಲಗೆ ಇಳೀರಿ."

ಗಾಜಕ್ಕ ಹಿಡಿಯ ಮೇಲೆ ಕೈಯಿಟ್ಟಳು. "ನಾನು ಹೂಂ ಅಂದಾಗ ಎತ್ತು, ಸಾಕು ಅಂದಾಗ ಬಿಡು," ಎಂದಳು. ಹೂಂ, ಸಾಕು, ಹೂಂ, ಸಾಕು. ಕಿಟಕಿಗಳಿಗೆ ಜನ ಮುತ್ತಿಕೊಂಡರು. ಹಲ್ಲಿನ ಆಸ್ಪತ್ರೆಯ ಗಾಜಿನಾಚೆ ಕುರ್ಚಿಯಲ್ಲಿ ಒರಗಿದ್ದವನ ಬಾಯಿ ಹೇಗೂ ತೆರೆದಿತ್ತು. ಇವರನ್ನು ಕಂಡು ಡಾಕ್ಟರೂ ಬಾಯಿ ತೆರೆದರು. ತೊಟ್ಟಿಲು ಒಂದಿಷ್ಟೂ ವಾಲದೆ ನೆಲ ಮುಟ್ಟಿತು.

"ಇವತ್ತಿಗೆ ಮನೆಗೆ ಹೋಗಿ," ಎಂದ ಮೇಸ್ತ್ರಿ.

"ಕರೆಂಟ್ ಬರ್ಲಿ, ಇನ್ನೂ ಅರ್ಧ ಇದೆ," ಎಂದು ಇಬ್ಬರೂ ಒಟ್ಟಿಗೇ ಅಂದರು. ಬಂತು, ಮತ್ತೆ ಏರಿದರು.

ಮರುವರ್ಷ ಕಂಪನಿ ಬೂಮ್ ಲಿಫ್ಟ್ ತಂದಿತು: ಲಾರಿಯಷ್ಟು ದೊಡ್ಡ ಗಾಡಿ, ಮೊಣಕೈಯಂತೆ ಮಡಚುವ ತೋಳು, ತುದಿಯಲ್ಲೊಂದು ಪುಟ್ಟ ಬುಟ್ಟಿ. ನಡೆಸಲು ಒಬ್ಬರು ಸಾಕು. ಮೇಸ್ತ್ರಿ ಕೇಳಿದ್ದೇ ತಡ, ಗಾಜಕ್ಕ ಒಪ್ಪಿಕೊಂಡು ಕಲಿತಳು. ತೊಟ್ಟಿಲಿಗೆ ಓರಗಿತ್ತಿಯೇ ಹಿರಿಯಳಾದಳು. ಜೊತೆಗೆ ಹೊಸಬಳೊಬ್ಬಳು ಬಂದಳು.

ಮೊದಲ ದಿನ ಗಾಜಕ್ಕ ಬುಟ್ಟಿಯನ್ನು ತೊಟ್ಟಿಲಿನ ಮಟ್ಟಕ್ಕೆ ಎತ್ತಿದಳು.

"ಹೆಂಗಿದೆ ಅಕ್ಕ?" ಎಂದಳು ಓರಗಿತ್ತಿ.

"ಮಾತಾಡೋಕೆ ಜನ ಇಲ್ಲ. ಆದ್ರೆ ಎಲ್ಲಿಗೆ ಬೇಕಾದ್ರೂ ತಿರುಗುತ್ತೆ ಕಣೆ," ಎಂದು ಗಾಜಕ್ಕ ಹಿಡಿಯನ್ನು ಒತ್ತಿ, ಕಟ್ಟಡದ ಮೂಲೆಯಾಚೆಗೆ ತೇಲಿಹೋದಳು.