ಸಾಹೇಬರಿಗೆ ಹಿಡಿಸಿದ ಜಪಾನಿ ಹಾಡು

ಸ್ನೇಹಿತರೇ, ಇವತ್ತು ಮಧ್ಯಾಹ್ನ ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನನ್ನದೇ ಮೈಕ್ ಸೆಟ್ಟು. ಜಪಾನಿನಿಂದ ದೊಡ್ಡ ಸಾಹೇಬರು ಬಂದಿದ್ದರು. ಅವರನ್ನು ಮೆಚ್ಚಿಸಲು ಹೆಣ್ಣುಮಕ್ಕಳು ಕರೋಕೆಯಲ್ಲಿ ಜಪಾನಿ ಹಾಡು ಹಾಡಬೇಕೆಂದು ಮ್ಯಾನೇಜರ್ ಅಪ್ಪಣೆ.

ಪ್ಯಾಕಿಂಗ್ ವಿಭಾಗದ ಶೋಭಾ, ದೇವನೂರಿನವಳು, ವಾರದ ಹಿಂದೆಯೇ ನರಸೀಪುರದ ನನ್ನ ಅಂಗಡಿಗೆ ಬಂದಿದ್ದಳು. "ಅಣ್ಣಾ, ಒಂದೊಳ್ಳೇ ಆಡು ಆರ್ಸ್ಕೊಡಿ. ಸಾಯೇಬ್ರು ಖುಷಿಯಾದ್ರೆ ಬೆಳಗಿನ ಶಿಫ್ಟ್ ಕೇಳ್ತೀನಿ. ಸೆಕೆಂಡ್ ಶಿಫ್ಟ್ ಬಿಡೋ ಒತ್ತಿಗೆ ನಮ್ಮೂರಿಗೆ ಬಸ್ಸೇ ಇರಲ್ಲ."

"ಸಾಹೇಬ್ರಿಗೆ ವಯಸ್ಸೆಷ್ಟಮ್ಮ?"

"ಐವತ್ತೈದಂತೆ."

ಐವತ್ತೈದರ ಗಂಡಸು ಕರಗುವುದು ಇಪ್ಪತ್ತರಲ್ಲಿ ಕೇಳಿದ ಹಾಡಿಗೆ. ಮದುವೆ ಮನೆಗಳಲ್ಲಿ ಮೈಕ್ ಹಾಕಿ ಕಲಿತ ಲೆಕ್ಕ ಇದು. ಆ ಕಾಲದ ವಿರಹದ ಹಾಡೊಂದನ್ನು ಯೂಟ್ಯೂಬಿನಲ್ಲಿ ಹುಡುಕಿ ಕೊಟ್ಟೆ. ಅವಳು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದಳು.

ಇವತ್ತು ಹಾಡಿದಳು. ಎರಡನೇ ಸಾಲಿಗೇ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಚಪ್ಪಾಳೆಯ ನಡುವೆ ಮ್ಯಾನೇಜರ್ ಕಿವಿಯಲ್ಲಿ ಏನೋ ಹೇಳಿದರು. ಚಪ್ಪಾಳೆ ನಿಂತದ್ದೇ ಶೋಭಾ ಮ್ಯಾನೇಜರ್ ಹತ್ತಿರ ಹೋಗಿ, "ಸಾ, ಬೆಳಗಿನ ಶಿಫ್ಟು..." ಎಂದಳು.

"ಯಾವ ಬೆಳಗಿನ್ ಶಿಫ್ಟಮ್ಮ? ಸಾಹೇಬ್ರು ಮೂರು ತಿಂಗ್ಳು ಇಲ್ಲೇ ಇರ್ತಾರೆ. ದಿನಾ ಸಂಜೆ ಟೀ ಹೊತ್ಗೆ ನಿನ್ ಹಾಡೇ ಬೇಕಂತೆ. ನೀನು ಸೆಕೆಂಡ್ ಶಿಫ್ಟ್ ಬಿಟ್ಟು ಕದಲೋ ಹಾಗಿಲ್ಲ ಕಣಮ್ಮ!"

ನಾನು ವೈರ್ ಸುತ್ತುತ್ತಿದ್ದೆ. ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಣ್ಣಾ, ಅವ್ರಿಗೆ ಬೇಜಾರಾಗೋ ಆಡು ಯಾವ್ದಾರಾ ಐತಾ?"

ಆಗಿನಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಹಾಡುವವಳು ಹೆಣ್ಣಾಗಿದ್ದರೆ ಆ ವಯಸ್ಸಿನ ಗಂಡಸರಿಗೆ ಎಲ್ಲ ಹಾಡೂ ಹಿಡಿಸುತ್ತದೆ.