ಸಾವಿರ ಅಡಿ ಆಳ, ಒಂದು ಅಂಗೈ

ಕೈಗುಣ, ದೃಷ್ಟಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವನಲ್ಲ. ಬಿ.ಎಸ್ಸಿ. ಮುಗಿಸಿದ ಮೇಲಂತೂ ನಂಬುವವರನ್ನು ರೇಗಿಸುವುದೇ ನನಗೊಂದು ಕೆಲಸವಾಗಿತ್ತು. ಇಂಥ ಅನುಭವ ಹೇಳುವವರು ಸಾಮಾನ್ಯವಾಗಿ ಅಮಾವಾಸ್ಯೆಯ ರಾತ್ರಿಯಿಂದ ಶುರು ಮಾಡುತ್ತಾರೆ. ನನ್ನದು ನಡೆದದ್ದು ಬೆಳಗ್ಗೆ ಹನ್ನೊಂದು ಗಂಟೆಗೆ, ಒಳ್ಳೇ ಬಿಸಿಲಿನಲ್ಲಿ, ಒಬ್ಬ ವಿಜ್ಞಾನಿಯ ಎದುರಿಗೆ. ಅದಕ್ಕೇ ಇವತ್ತಿಗೂ ಅದನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಭೂಮಿಯೊಳಗಿನ ಬಿಸಿಯಿಂದ ವಿದ್ಯುತ್ ತೆಗೆಯಬಹುದೇ ಎಂಬ ಸಂಶೋಧನೆಗೆ ಸರ್ಕಾರ ನೆರವು ಕೊಡುತ್ತಿತ್ತು. ಆ ನೆರವಿನಲ್ಲಿ ಹನಗೋಡಿನ ಹೊರಗಿನ ಗೋಮಾಳದಲ್ಲಿ ಸಾವಿರ ಅಡಿಯ ಬೋರು ಕೊರೆದಿದ್ದರು. ನೀರಿಗಲ್ಲ, ಆಳಕ್ಕೆ ಹೋದಂತೆ ಬಿಸಿ ಎಷ್ಟು ಏರುತ್ತದೆಂದು ಅಳೆಯುವುದಕ್ಕೆ. ನಮ್ಮ ಕಡೆ ಒಂದು ಬಿಸಿನೀರಿನ ಬುಗ್ಗೆಯೂ ಇಲ್ಲ, ಇಲ್ಲೇಕೆ ಎಂದು ನಾನು ಕೇಳಿದ್ದೆ. ತಣ್ಣಗಿರುವ ನೆಲದ ಲೆಕ್ಕ ಸಿಕ್ಕರೆ ತಾನೇ ಬಿಸಿಯಿರುವ ನೆಲ ಎಷ್ಟು ಹೆಚ್ಚು ಬಿಸಿ ಅಂತ ಹೇಳಲಾಗುವುದು ಅಂದರು ಮೇಡಂ. ದೇಶದ ಬಿಸಿಗೆ ನಮ್ಮ ಹನಗೋಡಿನ ನೆಲ ಅಳತೆಗೋಲು ಅನ್ನುವುದು ನನಗೆ ಬಹಳ ಹೆಮ್ಮೆಯ ವಿಷಯವಾಯಿತು. ಊರವರು ಮಾತ್ರ ದಿನಾ ಬಂದು ನೀರು ಬಂತಾ ಎಂದು ಕೇಳಿ, ಇಲ್ಲವೆಂದರೆ ನನ್ನನ್ನೇ ಅಯ್ಯೋ ಪಾಪ ಅನ್ನುವಂತೆ ನೋಡಿ ಹೋಗುತ್ತಿದ್ದರು.

ಮೇಡಂ ಅಂದರೆ ಆ ಕೆಲಸದ ಮುಖ್ಯಸ್ಥರು, ಧಾರವಾಡದ ಕಡೆಯವರು. ನಾನು ಅವರ ತಾತ್ಕಾಲಿಕ ಸಹಾಯಕ. ರಾಟೆ ತಿರುಗಿಸಿ ಬೋರಿನೊಳಗೆ ಕೇಬಲ್ ಇಳಿಸುವುದು ನನ್ನ ಕೆಲಸ. ಅದರ ತುದಿಯ ಉಪಕರಣ ತೋರಿಸಿದ ಅಂಕಿಯನ್ನು ಅವರು ಬರೆದುಕೊಳ್ಳುತ್ತಿದ್ದರು. ಆರುನೂರು ಅಡಿಯವರೆಗೆ ಬಿಸಿ ಚೆನ್ನಾಗಿ ಏರುತ್ತ ಹೋಗಿ, ಆರುನೂರ ಇಪ್ಪತ್ತರಲ್ಲಿ ಒಮ್ಮೆಲೇ ಇಳಿಯಿತು. ಮೂರು ಸಲ ಅಳೆದರೂ ಹಾಗೇ. ನಾಲ್ಕನೆಯ ಸಲ ಉಪಕರಣ ಎಂಟುನೂರು ಅಡಿಯ ಅಂಕಿ ತೋರಿಸಿ ಸತ್ತೇಹೋಯಿತು. ಅದರಿಂದ ಕೆಳಗೆ ಒಂದು ಸಲವೂ ಅಳೆದಿರಲಿಲ್ಲ.

ಮೇಡಂ ಆ ದಿನ ಊಟ ಮಾಡಲಿಲ್ಲ. ನೆರವು ಮುಂದುವರಿಸಬೇಕೇ ಬೇಡವೇ ಎಂದು ನೋಡಲು ಐದು ದಿನದಲ್ಲಿ ದೆಹಲಿಯಿಂದ ಸಮಿತಿ ಬರುವುದಿತ್ತು. ಉಪಕರಣ ಮೊದಲಿಂದಲೇ ಕೆಟ್ಟಿತ್ತು ಅಂತಾದರೆ ಅದರಿಂದ ಅಳೆದಿದ್ದ ಬೇರೆ ಬೋರುಗಳ ಅಂಕಿಗಳೂ ಹಾಳು, ಅವರ ವರ್ಷಗಳ ದುಡಿಮೆಯೂ ಹಾಳು.

ಮರುದಿನ ನನ್ನ ಸೋದರಮಾವ ಬುತ್ತಿ ತಂದರು. ನಾನಾಗ ಹನಗೋಡಿನಲ್ಲಿ ಅವರ ಮನೆಯಲ್ಲೇ ಇದ್ದೆ. ಮಾವ ಹೊಗೆಸೊಪ್ಪು ಬೇಯಿಸುವವರು. ಸೊಪ್ಪನ್ನು ಬಿಸಿಗೆ ಒಣಗಿಸುವ ಮನೆಗೆ ನಮ್ಮ ಕಡೆ ಬ್ಯಾರನ್ ಅನ್ನುತ್ತಾರೆ. ಬ್ಯಾರನ್ನಿನಲ್ಲಿ ಥರ್ಮಾಮೀಟರ್ ನೇತಾಡುತ್ತಿದ್ದರೂ ಅವರು ಅದರ ಕಡೆ ನೋಡಿದವರಲ್ಲ. ಹೊರಗೋಡೆಗೆ ಅಂಗೈ ಇಟ್ಟು ಡಿಗ್ರಿ ಹೇಳಿ, ಒಲೆಗೆ ಸೌದೆ ತುಂಬಿಸುತ್ತಿದ್ದರು. ಸುತ್ತಲ ಹಳ್ಳಿಯವರು ಸೊಪ್ಪು ಬಣ್ಣಕ್ಕೆ ತಿರುಗುವ ಹೊತ್ತಿಗೆ ಅವರನ್ನು ಕರೆದೊಯ್ಯುತ್ತಿದ್ದರು. ಅದು ಬರೀ ಅಭ್ಯಾಸಬಲ ಎಂದು ನಾನು ನಗುತ್ತಿದ್ದೆ.

ನಮ್ಮ ಪೆಚ್ಚು ಮೋರೆ ನೋಡಿ ಮಾವ ಏನಾಯಿತೆಂದು ಕೇಳಿದರು. ಬಿಸಿ ನೋಡುವ ಮಿಷಿನ್ ಕೆಟ್ಟಿದೆ ಎಂದಷ್ಟೇ ಹೇಳಿದೆ. ಅವರು ಬುತ್ತಿ ಕೆಳಗಿಟ್ಟು ಕೂತು, ನೆಲದಿಂದ ಮೊಳದುದ್ದ ಮೇಲೆ ಬಂದಿದ್ದ ಬೋರಿನ ಕೇಸಿಂಗ್ ಪೈಪಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಹಾಗೇ ನಿಧಾನವಾಗಿ ಹೇಳತೊಡಗಿದರು. ನೂರಡಿಗೆ ಎಪ್ಪತ್ತೆಂಟು. ಮುನ್ನೂರಕ್ಕೆ ಎಂಬತ್ತು. ಆರುನೂರಕ್ಕೆ ಎಂಬತ್ತೆರಡು. ನನಗೆ ನಾಚಿಕೆಯಾಗಿ ಅವರನ್ನು ಎಬ್ಬಿಸಲು ಹೋದೆ. ಮೇಡಂ ತಡೆದರು.

“ಇರಲಿ ಬಿಡ್ರಿ. ಅವರು ಹೇಳಿದ್ದು ಬರ್ಕೋರಿ,” ಎಂದರು.

ಅಷ್ಟರಲ್ಲಿ ಮಾವ ಕೈ ಜಾಡಿಸಿ ಮತ್ತೆ ಇಟ್ಟರು. “ಇಲ್ಲಿ ತಣ್ಣಗದೆ ಕಣವ್ವ. ಆರುನೂರು ದಾಟಿದ ತಕ್ಷಣ. ಅಡ್ಡಡ್ಡ ನೀರು ಓಯ್ತಾ ಅದೆ. ನಿಮ್ಮ ಮಿಷಿನ್ದೇನೂ ತಪ್ಪಿಲ್ಲ ಬುಡಿ.”

ಮೇಡಂ ತಮ್ಮ ಪುಸ್ತಕ ತೆರೆದು ಆರುನೂರ ಇಪ್ಪತ್ತರ ಸಾಲಿನ ಮೇಲೆ ಬೆರಳಿಟ್ಟರು. ಮಾವ ನಿಲ್ಲಿಸಲಿಲ್ಲ. ಎಂಟುನೂರಕ್ಕೆ ಎಂಬತ್ತಮೂರು, ಸಾವಿರಕ್ಕೆ ಎಂಬತ್ತೈದು. ಇನ್ನೂ ಕೆಳಕ್ಕೆ ಹೇಳಲಾ ಎಂದು ಕೇಳಿದರು. ಬೇಡ ಮಾವ, ಬೋರು ಅಲ್ಲಿಗೆ ಮುಗಿಯಿತು ಅಂದೆ.

“ತೂತು ಮುಗೀತು ಕಣ್ಲಾ. ಬಿಸಿ ಮುಗೀನಿಲ್ವಲ್ಲ,” ಎಂದು ಎದ್ದು, ಮುದ್ದೆ ಆರುತ್ತದೆ ಉಣ್ಣಿ ಎಂದು ಹೇಳಿ ಹೊರಟುಹೋದರು.

ಮಾವ ಹೇಳಿದ್ದು ಬ್ಯಾರನ್ನಿನ ಡಿಗ್ರಿ, ಅಂದರೆ ಫ್ಯಾರನ್‌ಹೀಟ್. ಮೇಡಂ ಪುಸ್ತಕದಲ್ಲಿದ್ದದ್ದು ಸೆಲ್ಸಿಯಸ್. ಅಲ್ಲೇ ಕೂತು ಲೆಕ್ಕ ಹಾಕಿದೆ. ಎಂಟುನೂರು ಅಡಿಯವರೆಗೆ ಎಲ್ಲವೂ ತಾಳೆಯಾಯಿತು. ಮನೆಯಲ್ಲಿ ನಾನೇ ಬಾಯಿಬಿಟ್ಟಿದ್ದೆನೇ ಎಂದು ನನ್ನ ಮೇಲೇ ಅನುಮಾನ ಬಂತು. ಆದರೆ ಸಾವಿರದ ಅಂಕಿ ನನಗೂ ಗೊತ್ತಿರಲಿಲ್ಲ, ಮೇಡಂಗೂ ಗೊತ್ತಿರಲಿಲ್ಲ, ಭೂಮಿಯ ಮೇಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಸಮಿತಿಯವರು ತಮ್ಮದೇ ಹೊಸ ಉಪಕರಣ ತಂದಿದ್ದರು. ರಾಟೆ ತಿರುಗಿಸಿದವನು ನಾನೇ. ಆರುನೂರ ಇಪ್ಪತ್ತರಲ್ಲಿ ಬಿಸಿ ಇಳಿಯಿತು. ಬಂಡೆಯ ಬಿರುಕಿನಲ್ಲಿ ನೀರು ಹರಿಯುತ್ತಿರಬೇಕು ಎಂದು ಅವರೇ ಹೇಳಿದರು. ತಳ ಮುಟ್ಟಿದಾಗ ಬಂದ ಅಂಕಿಯನ್ನು ಬ್ಯಾರನ್ನಿನ ಡಿಗ್ರಿಗೆ ತಿರುಗಿಸಿದೆ. ಎಂಬತ್ತೈದು. ಮೇಡಂ ನನ್ನ ಕಡೆ ನೋಡಿದರು, ಕಣ್ಣು ತುಂಬಿತ್ತು. ನೆರವು ಮುಂದುವರಿಯಿತು. ವರದಿಯಲ್ಲಿ ಮಾವನ ಮಾತಿಲ್ಲ, ಇರಲೂ ಬಾರದು. ಆದರೆ ನಾನು ಬರೆದುಕೊಂಡಿದ್ದ ಹಾಳೆಯ ಮೇಲೆ ಮೇಡಂ ಆ ದಿನದ ತಾರೀಖು ಹಾಕಿ ಸಹಿ ಮಾಡಿಕೊಟ್ಟರು. ನನ್ನ ಡಿಗ್ರಿ ಸರ್ಟಿಫಿಕೇಟಿಗಿಂತ ಅದನ್ನೇ ಜೋಪಾನವಾಗಿಟ್ಟಿದ್ದೇನೆ.

ಹೇಗೆ ಗೊತ್ತಾಯಿತು ಮಾವ ಎಂದು ಎಷ್ಟೋ ಸಲ ಕೇಳಿದೆ. ಬ್ಯಾರನ್ ಗೋಡೆ ಮುಟ್ಟಿದ ಹಾಗೇ ಮುಟ್ಟಿದೆ, ಅದರಲ್ಲೇನಿದೆ ಅನ್ನುತ್ತಿದ್ದರು. ಬಿಸಿಲಿಗೆ ಕಾದ ಕಬ್ಬಿಣದಲ್ಲಿ ಸಾವಿರ ಅಡಿ ಕೆಳಗಿನ ಬಿಸಿ ಕೈಗೆ ತಿಳಿಯುವುದಿಲ್ಲ. ನನ್ನ ವಿಜ್ಞಾನಕ್ಕೆ ಅದು ಖಂಡಿತ ಗೊತ್ತು, ಈಗಲೂ ಗೊತ್ತು.

ಮಾವ ಈಗಿಲ್ಲ. ಬೋರಿನ ಬಾಯಿಗೆ ಮುಚ್ಚಳ ಹಾಕಿ ಬೆಸೆದಿದ್ದಾರೆ. ಹನಗೋಡಿಗೆ ಹೋದಾಗಲೆಲ್ಲ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಅದರ ಮೇಲೆ ನಾನೂ ಅಂಗೈ ಇಟ್ಟು ಕಣ್ಣು ಮುಚ್ಚುತ್ತೇನೆ. ಬಿಸಿಲಿನ ಕಾವು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಇನ್ನೂ ಕೆಳಕ್ಕೆ ಹೇಳಲಾ ಎಂದು ಅವರು ಕೇಳಿದ್ದರು. ಬೇಡ ಅಂದವನು ನಾನು.