ಕರಿಬೇವಿನ ಪಕ್ಕದ ಕಂಬಿ

ಬೆಳ್ಳಿ ದೀಪಕ್ಕೆ ರಸ್ಟ್ ಹಿಡಿದಿದೆ ಅಜ್ಜಿ ಎಂದು ಮೊನ್ನೆ ಅನನ್ಯಾ ಹೇಳಿದಳು. ನಾನು ದೀಪವನ್ನು ತೊಳೆಯಲು ತೆಗೆದುಕೊಂಡು ಹೋದೆ. ಸಿಟ್ಟು ಬಂದಾಗ ಏನನ್ನಾದರೂ ತಿಕ್ಕಿ ತೊಳೆಯುವುದು ನನ್ನ ಹಳೆಯ ಅಭ್ಯಾಸ. ನಿಮ್ಮ ತಾತ ಇದ್ದಾಗ, ಅಡುಗೆಮನೆಯ ಪಾತ್ರೆಗಳು ಸ್ವಲ್ಪ ಹೆಚ್ಚಾಗಿ ಹೊಳೆಯುವುದನ್ನು ಕಂಡರೆ ಪೇಪರ್ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದರು. ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅನನ್ಯಾ, ಇಶಾನ್, ನಿಮಗಿಬ್ಬರಿಗೂ ಕನ್ನಡ ಓದಲು ಬರುವುದಿಲ್ಲ. ನಿಮ್ಮಮ್ಮ ಓದಿ ಹೇಳಲಿ.

ಬೆಳ್ಳಿಗೆ ತುಕ್ಕು ಹಿಡಿಯುವುದಿಲ್ಲ, ಮಕ್ಕಳೇ. ಅದು ಕಪ್ಪಾಗುತ್ತದೆ. ಗಾಳಿಯಲ್ಲಿರುವ ಗಂಧಕ ಅದಕ್ಕೆ ಆಗಿಬರುವುದಿಲ್ಲ. ಚರಂಡಿಯ ಕಡೆಯಿಂದ ಗಾಳಿ ಬೀಸಿದ ವಾರ ನನ್ನ ದೀಪದ ಮುಖ ನೋಡುವ ಹಾಗಿರುವುದಿಲ್ಲ. ಚೆನ್ನಾಗಿ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಬಹಳ ದಿನ ತಡೆಯುತ್ತದೆ. ತಾಮ್ರ, ಹಿತ್ತಾಳೆಗೆ ಹಿಡಿಯುವುದು ಕಿಲುಬು. ಹುಣಸೆಹಣ್ಣು ಹಾಕಿ ಉಜ್ಜಿದರೆ ಹೋಗುತ್ತದೆ. ಆದರೆ ಅದೇ ಪಾತ್ರೆಯಲ್ಲಿ ಹುಳಿ ಮಾಡಿಟ್ಟರೆ ಕಿಲುಬು ಹುಳಿಗೇ ಇಳಿಯುತ್ತದೆ. ಅದಕ್ಕೇ ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ ಒಳಗಡೆ ಕಲಾಯಿ ಹಾಕಿಸುತ್ತಿದ್ದರು. ಅಲ್ಯೂಮಿನಿಯಂ ಜಾಣ, ತನ್ನ ಮೈಗೆ ತಾನೇ ತೆಳ್ಳನೆಯ ಪೊರೆ ಕಟ್ಟಿಕೊಳ್ಳುತ್ತದೆ. ಉಪ್ಪು ಹುಳಿ ಹಾಕಿ ದಿನಗಟ್ಟಲೆ ಬಿಟ್ಟರೆ ಮಾತ್ರ ಸಿಡುಬಿನ ಮುಖದ ಹಾಗೆ ಗುಳಿ ಬೀಳುತ್ತದೆ. ಕಬ್ಬಿಣ ಒಂದೇ ಬಡಪಾಯಿ. ಅದರ ತುಕ್ಕು ಮೈಗೆ ಅಂಟಿಕೊಂಡು ಕಾಯುವುದಿಲ್ಲ. ಹಪ್ಪಳದ ಹಾಗೆ ಎದ್ದು ಉದುರಿ, ಒಳಗಿನದನ್ನು ಮತ್ತೆ ಗಾಳಿಗೂ ನೀರಿಗೂ ಒಪ್ಪಿಸುತ್ತದೆ. ಇಷ್ಟೆಲ್ಲ ಬೇರೆ ಬೇರೆ ಸಂಕಟಗಳನ್ನು ಒಂದೇ ರಸ್ಟ್‌ನಲ್ಲಿ ಮುಗಿಸಿಬಿಟ್ಟರೆ ನನಗೆ ಸಿಟ್ಟು ಬಾರದೇ?

ಇಷ್ಟು ತಿಳಿದ ಅಜ್ಜಿ ಓದಿದ್ದು ಏಳನೆಯ ತರಗತಿ. ನಮ್ಮ ಮೇಷ್ಟ್ರು ಒಮ್ಮೆ ಮೂರು ಮೊಳೆ ತಂದರು. ಒಂದನ್ನು ಬರಿಯ ನೀರಿಗೆ ಹಾಕಿದರು. ಇನ್ನೊಂದನ್ನು ಕುದಿಸಿ ಆರಿಸಿದ ನೀರಿಗೆ ಹಾಕಿ, ಗಾಳಿ ತಾಗದಂತೆ ಮೇಲೆ ಎಣ್ಣೆ ಬಿಟ್ಟರು. ಮೂರನೆಯದನ್ನು ಒಣಗಿದ ಜಾಗದಲ್ಲಿ ಇಡಬೇಕಿತ್ತು, ಆದರೆ ಶಾಲೆಯ ಮಾಡು ಸೋರುತ್ತಿತ್ತು. ತರಗತಿಯಲ್ಲಿ ಎಲ್ಲರಿಗಿಂತ ಬಾಯಿ ಕಡಿಮೆ ಎಂದು ಅದನ್ನು ನನ್ನ ಕೈಗೆ ಕೊಟ್ಟು, ಜೋಪಾನ ಎಂದರು. ಕಳೆದುಹೋದರೆ ಗತಿಯೇನು ಎಂದು ನಾನು ವಾರವಿಡೀ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ. ಕೊನೆಗೆ ಮೇಷ್ಟ್ರ ಮುಂದೆ ಕೈ ಬಿಚ್ಚಿದರೆ, ನೀರಿನಲ್ಲಿದ್ದ ಮೊಳೆಗಿಂತ ನನ್ನದೇ ಕೆಂಪಾಗಿತ್ತು. ಬೆವರಿನಲ್ಲಿ ನೀರೂ ಇದೆ, ಉಪ್ಪೂ ಇದೆ, ಉಪ್ಪು ಸೇರಿದರೆ ತುಕ್ಕಿಗೆ ಇನ್ನೂ ಅವಸರ ಎಂದು ಅವರು ಪಾಠವನ್ನು ನನ್ನ ಅಂಗೈ ತೋರಿಸಿಯೇ ಮುಗಿಸಿದರು. ಇಡೀ ತರಗತಿ ನಕ್ಕಿತು. ಆ ಪಾಠ ನನಗೆ ಮರೆತಿಲ್ಲ ಎಂದೇ ಅಂದುಕೊಂಡಿದ್ದೆ.

ಈಗ ನಮ್ಮ ಬಾಲ್ಕನಿಗೆ ಬರುತ್ತೇನೆ. ಇಶಾನ್, ದಿನಾ ಸಂಜೆ ನೀನು ಅಲ್ಲಿ ಕಂಬಿಗೆ ಹೊಟ್ಟೆ ಆನಿಸಿ, ಇಳಿಯುವ ವಿಮಾನಗಳನ್ನು ನೋಡುತ್ತೀಯ. ನಮ್ಮದು ಎಂಟನೆಯ ಮಹಡಿ. ಕರಿಬೇವಿನ ಕುಂಡವಿರುವ ಮೂಲೆಯಲ್ಲಿ ಕಂಬಿಯ ಕಾಲು ಸಿಮೆಂಟಿಗೆ ಸೇರುವ ಜಾಗ ಕೆಂಪಗಾಗಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ದೀಪಾವಳಿಗೆ ಮೊದಲು ಸೊಸೈಟಿಯವರು ಎಲ್ಲ ಬಾಲ್ಕನಿಗೂ ಬಣ್ಣ ಹೊಡೆಸಿದರು. ಬಂದ ಪೇಂಟರ್ ತುಕ್ಕನ್ನು ಕೆರೆಯಲಿಲ್ಲ, ಉಪ್ಪುಕಾಗದ ಉಜ್ಜಲಿಲ್ಲ, ಕೆಂಪು ಪ್ರೈಮರ್ ಹಚ್ಚಲಿಲ್ಲ. ನೇರವಾಗಿ ಕರಿಯ ಬಣ್ಣ ಬಳಿದ. ದಿಲ್ಲಿಗೆ ಬಂದು ನಲವತ್ತು ವರ್ಷವಾದರೂ ನನ್ನ ಹಿಂದಿ ತರಕಾರಿ ಗಾಡಿಯಿಂದ ಮುಂದೆ ಹೋಗಿಲ್ಲ. ಆದರೂ, ಮೊದಲು ಕೆರೆಯಬೇಕು ಭಯ್ಯಾ ಎಂದೆ.

“ಚಿಂತಾ ಮತ್ ಕರೋ ಮಾತಾಜಿ, ಪೇಂಟ್ ಕೆ ನೀಚೆ ಸಬ್ ಛುಪ್ ಜಾತಾ ಹೈ.”

ಬಣ್ಣದ ಕೆಳಗೆ ಎಲ್ಲ ಮುಚ್ಚಿಹೋಗುತ್ತದಂತೆ. ಮುಚ್ಚಿಹೋಗುವುದೇ ನನ್ನ ತಕರಾರು! ಸೆಕ್ರೆಟರಿಗೆ ಫೋನು ಮಾಡಿಸಿದರೆ, ದಿಲ್ಲಿ ಒಣ ಊರು, ತುಕ್ಕು ಏನಿದ್ದರೂ ಕಡಲ ತೀರದಲ್ಲಿ ಎಂದರು. ಮಳೆಗಾಲ, ಪೌಷದ ಮಂಜು, ಬೋರಿನ ಉಪ್ಪುನೀರು ಇವೆಲ್ಲ ಅವರ ದಿಲ್ಲಿಯಲ್ಲಿ ಇಲ್ಲವೋ ಏನೋ. ಆ ದಿನ ನಮ್ಮ ಮನೆಯ ಎಲ್ಲ ಪಾತ್ರೆಗಳನ್ನೂ ಎರಡೆರಡು ಸಲ ಬೆಳಗಿದೆ.

ಹೋಳಿಯ ಹೊತ್ತಿಗೆ ಬಣ್ಣ ಗುಳ್ಳೆಯೆದ್ದಿತು. ಒಂದು ಸಂಜೆ, ಇಶಾನ್, ನೀನು ಆನಿಕೊಂಡಾಗ ಆ ಕಾಲು ಸ್ವಲ್ಪ ಅಲುಗಿತು. ನಿನ್ನನ್ನು ಒಳಗೆ ಎಳೆದುಕೊಂಡು ಬಾಗಿಲಿಗೆ ಚಿಲಕ ಹಾಕಿದೆ. ನೀನು ಅತ್ತುಬಿಟ್ಟೆ, ನಾನು ಕಾರಣ ಹೇಳಲಿಲ್ಲ. ಮರುದಿನ ನೀವು ಶಾಲೆಗೆ ಹೋದ ಮೇಲೆ ದೋಸೆ ಮಗುಚುವ ಕೈ ತೆಗೆದುಕೊಂಡು ಹೋಗಿ ಆ ಗುಳ್ಳೆಯನ್ನು ಎಬ್ಬಿಸಿದೆ. ಬಣ್ಣದ ಜೊತೆ ಕಬ್ಬಿಣವೂ ಪದರ ಪದರವಾಗಿ ಕಳಚಿ ಬಂತು. ನನ್ನ ಕಿರುಬೆರಳು ಒಳಗೆ ಹೋಗುವಷ್ಟು ತೂತು. ಉದುರಿದ ಚೂರುಗಳನ್ನೆಲ್ಲ ಹಪ್ಪಳದ ಡಬ್ಬಿಗೆ ತುಂಬಿದೆ. ಭಾನುವಾರದ ಮೀಟಿಂಗಿಗೆ ನಾನೇ ಹೋದೆ. ಹಿಂದಿನ ಸಾಲಿನಲ್ಲಿ ಬಹಳ ಹೊತ್ತು ಕೂತಿದ್ದು, ಕೊನೆಗೆ ಎದ್ದು ಹೋಗಿ ಡಬ್ಬಿಯನ್ನು ಸೆಕ್ರೆಟರಿಯ ಮುಂದೆ, ಚಹಾದ ಲೋಟದ ಪಕ್ಕದಲ್ಲೇ ಸುರಿದೆ. ಕಂಬಿ ಎಂದಷ್ಟೇ ಹೇಳಲು ಸಾಧ್ಯವಾಯಿತು. ಸಾಕಾಯಿತು ಕೂಡ. ಮರುದಿನವೇ ಅವರು ವೆಲ್ಡರ್‌ನನ್ನು ಕರೆದುಕೊಂಡು ಬಂದರು.

ವೆಲ್ಡರ್ ವಯಸ್ಸಾದವನು. ಎಲ್ಲ ಕಾಲುಗಳನ್ನೂ ತಟ್ಟಿ ನೋಡಿದ. ಉಳಿದ ಕಡೆ ಇರುವುದು ಮೇಲಿನ ತುಕ್ಕು, ಕೆರೆದು ಪ್ರೈಮರ್ ಹಚ್ಚಿದರೆ ಸಾಕು. ಕೊಳೆತಿರುವುದು ಇದೊಂದೇ ಎಂದ. ಆಮೇಲೆ ಕರಿಬೇವಿನ ಕುಂಡವನ್ನು ಪಕ್ಕಕ್ಕೆ ಜರುಗಿಸಿದ. ನೆಲದ ಮೇಲೆ ಬೆಳ್ಳಗೆ ಉಪ್ಪು ಕಟ್ಟಿತ್ತು, ಅದರ ಗೆರೆ ಸೀದಾ ಕಂಬಿಯ ಬುಡಕ್ಕೆ ಹೋಗಿತ್ತು. ಇದಕ್ಕೆ ಯಾವ ನೀರು ಹಾಕುತ್ತೀರಿ ಎಂದು ಕೇಳಿದ.

“ಇಸ್ ಮೇಂ ಕೌನ್ ಸಾ ಪಾನಿ ಡಾಲ್ತೀ ಹೈಂ, ಮಾತಾಜಿ?”

“ಆರ್‌ಓ ಕಾ.”

“ಸಾಫ್ ವಾಲಾ?”

“ನಹೀಂ ಭಯ್ಯಾ, ದೂಸರಾ ವಾಲಾ.”

ಶುದ್ಧವಾದದ್ದಲ್ಲ, ಇನ್ನೊಂದು ಎಂದೆ. ನೀರು ಸೋಸುವ ಆರ್‌ಓ ಯಂತ್ರ ಒಳ್ಳೆಯ ನೀರನ್ನು ನಮಗೆ ಕೊಟ್ಟು, ಉಪ್ಪನ್ನೆಲ್ಲ ಸೇರಿಸಿ ಹೊರಗೆ ಬಿಡುವ ನೀರಿದೆಯಲ್ಲ, ಅದು. ಹಾಳಾಗಬಾರದೆಂದು ಬಕೆಟ್ಟಿನಲ್ಲಿ ಹಿಡಿದು ಆರು ವರ್ಷದಿಂದ ದಿನಾ ಆ ಗಿಡಕ್ಕೆ ಸುರಿದವಳು ನಾನೇ. ಗಿಡ ಯಾಕೆ ಸೊರಗಿದೆ ಎಂದು ನರ್ಸರಿಯವನನ್ನೂ ಬೈದಿದ್ದೆ. ಸೆಕ್ರೆಟರಿ ಗಿಡವನ್ನು ನೋಡಿದರು, ನನ್ನನ್ನು ನೋಡಿದರು, ಅಚ್ಛಾ ಎಂದಷ್ಟೇ ಅಂದರು. ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ, ಆಗಲೇ ತೊಳೆದಿದ್ದ ಪಾತ್ರೆಗಳನ್ನು ಮತ್ತೆ ತೊಳೆದೆ.

ಹಾಗೆಂದು ಪೇಂಟರ್ ಮೇಲಿನ ಸಿಟ್ಟನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಆ ಪೇಂಟರ್ ಒಂದು ಸಲ ಕೆರೆದಿದ್ದರೆ ತೂತು ದೀಪಾವಳಿಗೇ ಕಾಣುತ್ತಿತ್ತು. ಅವನು ಮುಚ್ಚಿದ್ದು ತಪ್ಪು, ನಾನು ನೀರು ಹಾಕಿದ್ದು ತಪ್ಪು. ಒಂದರಿಂದ ಇನ್ನೊಂದು ಸಣ್ಣದಾಗುವುದಿಲ್ಲ. ಸಿಟ್ಟನ್ನು ಇಬ್ಬರಿಗೂ ಹಂಚಿದ್ದೇನೆ, ಅಷ್ಟೇ.

ಈಗ ಹೊಸ ಕಾಲು ಬೆಸೆದಾಗಿದೆ. ಉಳಿದವನ್ನು ಬರಿಯ ಕಬ್ಬಿಣ ಕಾಣುವವರೆಗೆ ನನ್ನೆದುರಿಗೇ ಕೆರೆಸಿ, ಪ್ರೈಮರ್ ಹಚ್ಚಿಸಿ, ಅದು ಒಣಗಿದ ಮೇಲೆ ಎರಡು ಕೋಟು ಬಣ್ಣ ಕೊಡಿಸಿದ್ದೇನೆ. ಕರಿಬೇವು ತಟ್ಟೆಯ ಮೇಲೆ ಗೋಡೆಯ ಪಕ್ಕ ಕೂತಿದೆ. ಇಶಾನ್, ಇವತ್ತು ಸಂಜೆ ಚಿಲಕ ತೆಗೆಯುತ್ತೇನೆ, ವಿಮಾನ ನೋಡು ಬಾ. ನಿನ್ನ ಅಂಗಿಯ ತುದಿ ನನ್ನ ಒಂದು ಕೈಯಲ್ಲಿರುತ್ತದೆ, ಅದಕ್ಕೆ ಗೊಣಗಬೇಡ. ಇನ್ನೊಂದು ಕೈಯನ್ನು ಹೊಸ ಕಂಬಿಯ ಮೇಲೆ ಇಡುವ ಮೊದಲು ಅದರ ಬೆವರನ್ನು ಸೆರಗಿಗೆ ಒರೆಸಿಕೊಳ್ಳುತ್ತೇನೆ.